ನಲವತ್ತೊಂದನೇ ಬಾಗಿಲು

ಡಬ್ಬಿರಾಯನ ಮನೆಯಲ್ಲಿ ಕಸ ಹುಟ್ಟುತ್ತಿರಲಿಲ್ಲ. ಹುಟ್ಟಿದರೂ ಹೊಸಿಲು ದಾಟುತ್ತಿರಲಿಲ್ಲ. ಸಿಪ್ಪೆ, ದಂಟು, ತಲೆಗೂದಲು ಎಲ್ಲ ಹಿತ್ತಲ ಗೊಬ್ಬರದ ತೊಟ್ಟಿಗೆ. ಕಾಗದ, ತಗಡು, ಗಾಜು ಗುಜರಿಗೆ. ಹಳೇ ಅಂಗಿ ಒರೆಸುವ ಬಟ್ಟೆಯಾಗಿ, ಅದು ಹರಿದ ಮೇಲೆ ಕಟ್ಟುವ ದಾರವಾಗಿ, ಆಮೇಲೂ ಏನೋ ಒಂದಾಗಿ ಬಾಳುತ್ತಿತ್ತು. ಹನ್ನೆರಡು ವರ್ಷದಿಂದ ಅವನು ಕಸದ ಗಾಡಿಗೆ ಒಂದು ಹಿಡಿ ಹಾಕಿದವನಲ್ಲ. ಯಾವುದಕ್ಕೂ ಒದಗದ ಚೂರುಪಾರು, ಅಂದರೆ ಮಾತ್ರೆಯ ಹಾಳೆ, ಸವೆದ ಬ್ಲೇಡು, ಮುಗಿದ ಪೆನ್ನು, ಇಂಥವನ್ನು ವರ್ಷಕ್ಕೊಂದು ಬಿಸ್ಕತ್ತಿನ ಡಬ್ಬಿಗೆ ತುಂಬಿ, ಮೇಲೆ ಇಸವಿ ಬರೆದು, ತನ್ನ ರಿಪೇರಿ ಅಂಗಡಿಯ ಗಾಜಿನ ಹಿಂದೆ ಸಾಲಾಗಿ ಜೋಡಿಸಿದ್ದ. ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಹಿಡಿದು ಬಂದವರು "ಇದೇನು ಇಷ್ಟೊಂದು ಡಬ್ಬಿ" ಎಂದು ಕೇಳಿದರೆ ಅರ್ಧ ಗಂಟೆ ಬಿಡುತ್ತಿರಲಿಲ್ಲ. ಕೇಳದಿದ್ದರೂ ಬಿಡುತ್ತಿರಲಿಲ್ಲ. ಬೀದಿಯವರು ಅದಕ್ಕೇ ಆ ಹೆಸರಿಟ್ಟರು. ಅವನು ಅದನ್ನು ಬಿರುದು ಎಂದುಕೊಂಡಿದ್ದ.

ಮನುಷ್ಯ ಕೆಟ್ಟವನೇನಲ್ಲ. ಕೈ ಚೊಕ್ಕ, ಮಾತು ಚೊಕ್ಕ, ಕೆಲಸ ಚೊಕ್ಕ. ಕಣ್ಣು ಮಾತ್ರ ಸುಮ್ಮನಿರುತ್ತಿರಲಿಲ್ಲ. ಯಾರ ಬಾಗಿಲ ಮುಂದಿನ ಬುಟ್ಟಿಯನ್ನಾದರೂ ಒಮ್ಮೆ ನೋಡಿದರೆ ಆ ಮನೆಯ ಜಾತಕ ಹೇಳುತ್ತಿದ್ದ. "ನಿನ್ನೆ ಎರಡು ಹೊತ್ತೂ ಹೊರಗಿನ ಊಟ ತರಿಸಿದ್ರಾ?" "ಈ ಶಾಂಪೂ ಪೊಟ್ಟಣ ಯಾಕ್ರೀ, ದೊಡ್ಡ ಬಾಟ್ಲಿ ತಗೊಳ್ಳಿ." ಹೀಗೆ ಹೇಳಿಸಿಕೊಂಡವರು ಅವನ ಮುಂದೆ ನಕ್ಕು, ಬಾಗಿಲು ಹಾಕಿಕೊಂಡ ಮೇಲೆ ಬೈಯುತ್ತಿದ್ದರು. ಎಲ್ಲರೂ ತನ್ನಂತಿದ್ದರೆ ಲೋಕದಲ್ಲಿ ತಿಪ್ಪೆಯೇ ಇರುತ್ತಿರಲಿಲ್ಲ ಎಂಬುದು ಅವನ ವಾದ. ಸುಳ್ಳೆನ್ನಲು ಯಾರಿಂದಲೂ ಆಗುತ್ತಿರಲಿಲ್ಲ, ಅದೇ ಅವರ ಹೊಟ್ಟೆಯುರಿ.

ಆದರೆ ತಿಪ್ಪೆ ಇತ್ತು. ಬೀದಿಯ ತುದಿಯಲ್ಲೇ ಇತ್ತು, ನಗರದ ಅರ್ಧ ಕಸ ಅಲ್ಲಿಗೇ ಬರುತ್ತಿತ್ತು, ಮತ್ತು ಏಳು ತಿಂಗಳಿಂದ ಉರಿಯುತ್ತಿತ್ತು. ಜಾಗ ಸಾಲದೆ ಗುತ್ತಿಗೆದಾರನ ಆಳುಗಳು ಹಚ್ಚಿದ ಬೆಂಕಿ ಒಳಗೊಳಗೇ ಇಳಿದು ಕೂತಿತ್ತು. ಬೂದಿ ಮುಚ್ಚಿದ ಕೆಂಡ ಎಂಬ ಮಾತನ್ನು ಆ ಬೀದಿಯ ಮಕ್ಕಳಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ದಿನಕ್ಕೆ ಮೂವತ್ತು ಲಾರಿ ಅದೇ ಬೀದಿಯಲ್ಲಿ ಹಾದು ಹೋಗುತ್ತಿದ್ದವು. ಹೊಗೆ ಒಗೆದ ಬಟ್ಟೆಗೆ, ಹಾಲಿಗೆ, ದಿಂಬಿಗೆ ಇಳಿದಿತ್ತು. ಡಬ್ಬಿರಾಯನ ಹೆಂಡತಿಯ ಎದೆಗೂ ಇಳಿದಿತ್ತು.

ಅವಳಿಗೆ ಮೊದಲಿಂದಲೂ ಸ್ವಲ್ಪ ಉಬ್ಬಸ. ವರ್ಷಕ್ಕೆ ಒಂದೋ ಎರಡೋ ಪಂಪು ಸಾಕಾಗುತ್ತಿತ್ತು, ಬಾಯಿಗಿಟ್ಟು ಎಳೆದುಕೊಳ್ಳುವ ಔಷಧಿಯ ಪಂಪು. ಈಚೆಗೆ ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿಯುತ್ತಿದ್ದಳು. ಎದುರು ಸಾಲಿನ ದರ್ಜಿಯಮ್ಮನ ಅಂಗಡಿಯಲ್ಲಿ ಅವಳಿಗೆ ಕೆಲಸ. ಮಷಿನ್ನು ತುಳಿಯಲಾಗದೆ ಈಗ ಕೈಯಲ್ಲೇ ಅಂಗಿಗಳಿಗೆ ಗುಂಡಿಮನೆ, ಅಂದರೆ ಕಾಜಾ, ಹೊಲಿಯುತ್ತಿದ್ದಳು. ಹತ್ತಿರ ಹೋದರೆ ಅವಳ ಉಸಿರಿನಲ್ಲಿ ತೆಳ್ಳಗೆ ಸೀಟಿಯ ಸದ್ದು ಕೇಳುತ್ತಿತ್ತು. ಲಾರಿಗಳ ಗದ್ದಲದಲ್ಲಿ ಅದು ಬೇರೆ ಯಾರಿಗೂ ಕೇಳುತ್ತಿರಲಿಲ್ಲ. ಡಬ್ಬಿರಾಯನಿಗೆ ಕೇಳುತ್ತಿತ್ತು, ಕೇಳಿದಾಗಲೆಲ್ಲ ಎದ್ದು ಕಿಟಕಿ ಮುಚ್ಚುತ್ತಿದ್ದ, ಆಮೇಲೆ ಗಾಳಿಯಿಲ್ಲವೆಂದು ತೆಗೆಯುತ್ತಿದ್ದ, ಹೊಗೆ ಬಂತೆಂದು ಮತ್ತೆ ಮುಚ್ಚುತ್ತಿದ್ದ. ಜಗತ್ತಿನಲ್ಲಿ ಕೆಟ್ಟದ್ದನ್ನೆಲ್ಲ ಬಿಚ್ಚಿ ಸರಿಮಾಡುವವನಿಗೆ ಬಿಚ್ಚಲಾಗದ ಒಂದು ವಸ್ತು ಮನೆಯಲ್ಲೇ ಕೂತು ಕೆಡುತ್ತಿತ್ತು. ಅವನಿಗೆ ಭಯವಾಗುತ್ತಿತ್ತು, ಭಯವಾದಾಗ ಇನ್ನಷ್ಟು ಒರೆಸುತ್ತಿದ್ದ, ತೊಳೆಯುತ್ತಿದ್ದ.

ಪಾಲಿಕೆಯ ಮೆಂಬರಿಗೆ ಮೂರು ಅರ್ಜಿ ಕೊಟ್ಟಾಗಿತ್ತು. ಮೆಂಬರು ಅದೇ ಬೀದಿಯ ಓಟಿನಿಂದ ಗೆದ್ದವರು, ಬೀದಿಯ ಬಾಯಲ್ಲೇ ಅವರ ಮನೆ, ಹೊಗೆ ಅಲ್ಲಿಗೂ ಹೋಗುತ್ತಿತ್ತು. ಆದರೆ ಅವರ ಕಿಟಕಿಗಳೆಲ್ಲ ಗಾಜಿನವು, ಒಳಗೆ ಎ.ಸಿ. "ನೋಡೋಣ, ಮಾಡೋಣ" ಎಂದಿದ್ದರು. ನೋಡಿಯೂ ಆಗಿತ್ತು.

ಕೊನೆಗೆ ಒಂದು ಮಧ್ಯಾಹ್ನ ದರ್ಜಿಯಮ್ಮನ ಅಂಗಡಿಯಲ್ಲಿ, ಮೆಂಬರ ಮನೆ ಬಿಟ್ಟು ಬೀದಿಯ ಉಳಿದ ನಲವತ್ತೊಂದು ಮನೆಯವರೂ ಸೇರಿದರು. ಜಾಗ ಸಾಲದೆ ಕೆಲವರು ಕತ್ತರಿಸುವ ಮೇಜಿನ ಮೇಲೇ ಕೂತರು. ದರ್ಜಿಯಮ್ಮನದು ಅಳತೆ ಹಿಡಿದಂಥ ಮಾತು.

"ಇವತ್ತಿಂದ ಗಾಡಿಗೆ ಯಾರೂ ಕಸ ಕೊಡೋದು ಬೇಡ. ನಮ್ಮ ನಮ್ಮ ಬಾಗಿಲ ಮುಂದೆ ಗುಡ್ಡೆ ಹಾಕೋಣ. ಹತ್ತನೇ ದಿನ ಪಾಲಿಕೆಯ ದೊಡ್ಡ ಸಾಹೇಬರು ಈ ಕಡೆ ತಪಾಸಣೆಗೆ ಬರ್ತಾರಂತೆ. ನಲವತ್ತೊಂದು ಬಾಗಿಲು, ನಲವತ್ತೊಂದು ಗುಡ್ಡೆ. ತಿಪ್ಪೆ ಬೆಂಕಿ ಆರಿಸಿ, ಲಾರಿ ನಿಲ್ಲಿಸಿ, ಆಮೇಲೆ ನಮ್ಮ ಕಸ ಎತ್ತಿ ಅನ್ನೋಣ."

"ರಸ್ತೆಗೇ ಸುರಿದ್ರೆ ಲಾರೀನೇ ನಿಲ್ಲುತ್ತಲ್ಲ" ಎಂದ ಮೂಲೆಯಿಂದ ಪೇಂಟರು.

"ರಸ್ತೆ ಸರ್ಕಾರದ್ದು, ಮುಟ್ಟಿದ್ರೆ ಕೇಸು ಹಾಕ್ತಾರೆ. ಬಾಗಿಲು ನಮ್ಮದು. ಯಾರ ಕಸ ಅವರ ಬಾಗಿಲಲ್ಲಿ, ಯಾರು ಏನು ಕೇಳ್ತಾರೆ?"

ಎಲ್ಲರೂ ಒಪ್ಪಿದರು. ಆಮೇಲೆ ಒಬ್ಬೊಬ್ಬರೇ ತಿರುಗಿ ಬಾಗಿಲ ಬಳಿ ನಿಂತಿದ್ದ ಡಬ್ಬಿರಾಯನನ್ನು ನೋಡಿದರು. ಅವನು ಕೂತಿರಲಿಲ್ಲ. ಅವನಿಗೆ ಈಚೆಗೆ ಕೂರುವುದೇ ಆಗುತ್ತಿರಲಿಲ್ಲ.

"ನಂದೇನೂ ಕಸ ಇಲ್ಲವಲ್ಲ" ಎಂದ.

"ಏನಾದ್ರೂ ಇಡಿ ಅಣ್ಣ" ಎಂದಳು ದರ್ಜಿಯಮ್ಮ. "ಹಳೇ ಫ್ಯಾನಿನ ರೆಕ್ಕೆ, ಮೋಟಾರು. ಸುಮ್ಮನೆ ಲೆಕ್ಕಕ್ಕೆ."

"ಅವು ಕಸ ಅಲ್ಲ, ಬಿಡಿಭಾಗ. ಇಲ್ಲದ ಕಸ ಎಲ್ಲಿಂದ ತರ್ಲಿ ನಾನು? ಸುಳ್ಳು ಗುಡ್ಡೆ ಹಾಕೋದಾ? ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವೆಲ್ಲ ಹನ್ನೆರಡು ವರ್ಷದ ಹಿಂದೆ ನನ್ನ ಥರ ಶುರು ಮಾಡಿದ್ದಿದ್ರೆ ಈ ಮೀಟಿಂಗೇ ಬೇಕಿರಲಿಲ್ಲ."

ಬೇಜಾರು ಮಾಡಿಕೊಳ್ಳಬೇಡಿ ಎಂದು ಶುರುವಾದ ಮಾತಿಗೆ ಬೇಜಾರಾಗದವರು ಯಾರು? "ಊರಿಗೆಲ್ಲ ಒಂದು ದಾರಿಯಾದ್ರೆ ಎಡವಟ್ಟನಿಗೇ ಒಂದು ದಾರಿ" ಎಂದು ಪೇಂಟರು ಪಕ್ಕದವರಿಗೆ ಕೇಳುವಷ್ಟು ಮೆಲ್ಲಗೆ, ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿದ. ಹೆಂಡತಿ ತಲೆಯೆತ್ತದೆ ಗುಂಡಿಮನೆ ಹೊಲಿಯುತ್ತಿದ್ದಳು. ಮನೆಗೆ ಬಂದ ಮೇಲೆ ಒಂದೇ ಮಾತು ಕೇಳಿದಳು:

"ಒಂದು ಬುಟ್ಟಿ ಇಟ್ಟಿದ್ರೆ ಏನು ಹೋಗ್ತಿತ್ತು?"

"ಹನ್ನೆರಡು ವರ್ಷ ಹೋಗ್ತಿತ್ತು" ಎಂದ ಅವನು.

ಗುಡ್ಡೆಗಳು ಬೆಳೆದವು. ಮೊದಲೆರಡು ದಿನ ನಾಚಿಕೊಂಡಂತೆ ಮೂಲೆಯಲ್ಲಿದ್ದವು, ಮೂರನೇ ದಿನಕ್ಕೆ ಮೆಟ್ಟಿಲಿಗೆ ಬಂದವು. ನೊಣಗಳು ಬಂದವು, ನಾಯಿಗಳು ಬಂದವು, ನಾತಕ್ಕೆ ಜನ ಕಿಟಕಿಗಳನ್ನು ಬಟ್ಟೆ ತುರುಕಿ ಮುಚ್ಚಿಕೊಂಡರು. ಅಷ್ಟು ಬಾಗಿಲುಗಳ ನಡುವೆ ಡಬ್ಬಿರಾಯನ ಬಾಗಿಲು ಒಂದೇ ತೊಳೆದು ಒರೆಸಿ ಹೊಳೆಯುತ್ತಿತ್ತು. ಅವನು ಅಂಗಡಿಯಲ್ಲಿ ಕೂತರೆ ಎದ್ದ, ಎದ್ದರೆ ಬಾಗಿಲಿಗೆ ಬಂದ, ಬಂದರೆ ಎದುರಿನ ಗುಡ್ಡೆ ನೋಡಿ ಒಳಗೆ ಹೋದ. ಹಸಿ ಕಸಕ್ಕೆ ಒಣಕಸ ಬೆರೆಸಿ ಹಾಕಿದ್ದರು, ಅದನ್ನು ನೋಡಿದರೆ ಅವನ ಬೆರಳು ತುರಿಸುತ್ತಿದ್ದವು. ಕರಿ ತಂತಿ ಬೆಸೆಯುವಲ್ಲಿ ಕೆಂಪು ಬೆಸೆದು ಒಂದು ಮಿಕ್ಸಿಯನ್ನು ಸುಟ್ಟ. ಇಪ್ಪತ್ತು ವರ್ಷದಲ್ಲಿ ಹಾಗೆ ಆಗಿರಲಿಲ್ಲ.

ನಾಲ್ಕನೇ ದಿನ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಕ್ಯಾಮೆರಾ ಹಿಡಿದು ಬಂದರು. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಒಂದೊಂದೇ ಬಾಗಿಲಿನ ಫೋಟೋ ತೆಗೆಯುತ್ತ, ಮನೆ ನಂಬರು ಬರೆದುಕೊಳ್ಳುತ್ತ ಬಂದವರು ಈ ಬಾಗಿಲ ಮುಂದೆ ನಿಂತುಬಿಟ್ಟರು. ಕರವಸ್ತ್ರ ತೆಗೆದರು.

"ನಿಮ್ಮ ಮನೆ ಕಸ ಎಲ್ಲಿ?"

ಆ ಪ್ರಶ್ನೆಗಾಗಿಯೇ ಹುಟ್ಟಿದವನು ಡಬ್ಬಿರಾಯ. ಕುರ್ಚಿ ಎಳೆದು ಕೂರಿಸಿದ. ಡಬ್ಬಿಗಳನ್ನು ತೋರಿಸಿದ, ಗೊಬ್ಬರದ ತೊಟ್ಟಿ ತೋರಿಸಿದ, ಗೊಬ್ಬರವನ್ನು ಅಂಗೈಯಲ್ಲಿಟ್ಟು ಮೂಸಿಸಿದ. ಇನ್ಸ್‌ಪೆಕ್ಟರು ತಲೆದೂಗಿದಷ್ಟೂ ಇವನು ಉಬ್ಬಿದ. ಬಾಗಿಲಿಗೆ ಬಂದು, ಕೇಳದಿದ್ದರೂ, ಎದುರಿನ ಗುಡ್ಡೆಗಳತ್ತ ಕೈತೋರಿ ಹೇಳಿದ: ಆ ಕಾಗದದ ಲೋಟಗಳು ಪೇಂಟರ ಮನೆಯವು, ಅವನಿಗೆ ಮನೆಯ ಟೀ ಸೇರುವುದಿಲ್ಲ; ಆ ಸೋಪಿನ ಕವರು ನಾಲ್ಕನೇ ಮನೆಯ ಅಜ್ಜಿಯದು, ವಾರಕ್ಕೆರಡು ಬೇಕು. "ಯಾವ ಚೂರು ತೋರಿಸಿದ್ರೂ ಯಾರ ಮನೇದು ಅಂತ ಹೇಳಬಲ್ಲೆ ಸಾರ್. ಅಭ್ಯಾಸ."

"ನಿಮ್ಮಂಥವರು ಮನೆಗೊಬ್ಬರಿದ್ರೆ ಸಾಕು" ಎಂದರು ಇನ್ಸ್‌ಪೆಕ್ಟರು. "ತಿಪ್ಪೆ ತಿಪ್ಪೆ ಅಂತ ನಮ್ಮನ್ನ ಬೈತಾರೆ. ತಪ್ಪು ಯಾರದು ಹೇಳಿ?"

ಡಬ್ಬಿರಾಯ ನಕ್ಕ. ಆ ನಗುವಿನ ಫೋಟೋವನ್ನೇ ಅವರು ತೆಗೆದುಕೊಂಡರು.

ಆರನೇ ದಿನ ಬೀದಿಯ ಬಾಯಲ್ಲಿ, ಮೆಂಬರ ಮನೆಯ ಮುಂದೆ, ಎರಡಾಳೆತ್ತರದ ಬ್ಯಾನರು ಎದ್ದಿತು. ಅದರಲ್ಲಿ ಡಬ್ಬಿರಾಯ, ಅವನ ನಗು, ಅವನ ತೊಳೆದ ಬಾಗಿಲು. ಕೆಳಗೆ ದಪ್ಪಕ್ಷರದಲ್ಲಿ: 'ಇವರಿಂದ ಆಗುತ್ತದೆ. ನಿಮ್ಮಿಂದ ಯಾಕಾಗುವುದಿಲ್ಲ? ನಿಮ್ಮ ಕಸ, ನಿಮ್ಮ ಹೊಣೆ.' ತಿಪ್ಪೆಯ ಮಾತಿಲ್ಲ, ಬೆಂಕಿಯ ಮಾತಿಲ್ಲ, ಲಾರಿಯ ಮಾತಿಲ್ಲ. ಏಳು ತಿಂಗಳ ಹೊಗೆ ಶಾಂಪೂ ಪೊಟ್ಟಣದಿಂದ ಎದ್ದಿತು ಎಂಬಂತೆ ಇತ್ತು ಆ ಬರಹ.

ಹೊಗಳಿ ಅಟ್ಟಕ್ಕೇರಿಸಿದವರು ಏಣಿ ತೆಗೆದುಕೊಂಡು ಹೋಗಿದ್ದರು. ಅಂದಿನಿಂದ ಅಂಗಡಿಗೆ ಬೀದಿಯವರು ಯಾರೂ ಬರಲಿಲ್ಲ. ರಿಪೇರಿಗೆ ಕೊಟ್ಟಿದ್ದವರು ಆಗಿದೆಯೋ ಇಲ್ಲವೋ ಕೇಳದೆ ವಾಪಸು ಒಯ್ದರು. ನಾಲ್ಕನೇ ಮನೆಯ ಅಜ್ಜಿ, ದಿನಾ "ಏನಪ್ಪಾ" ಎನ್ನುವವಳು, ಅವನನ್ನು ಕಂಡು ಸೆರಗು ಸರಿಮಾಡಿಕೊಂಡು ಆಚೆ ದಾಟಿದಳು. ಹೆಂಡತಿ ಬೆಳಗ್ಗೆ ಹೋದವಳು ಕತ್ತಲಾಗುವವರೆಗೆ ದರ್ಜಿಯಮ್ಮನಲ್ಲೇ ಇರತೊಡಗಿದಳು. ಊಟ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ.

"ನಾನೇನು ಸುಳ್ಳು ಹೇಳಿದ್ನಾ?" ಎಂದು ಒಮ್ಮೆ ಅವನೇ ಕೇಳಿದ.

"ಇಲ್ಲ" ಎಂದಳು. ಗಂಟಲಲ್ಲಿ ಸೀಟಿ. "ನಿಜ ಹೇಳಿದ್ರಿ. ಅವರಿಗೆ ಬೇಕಾದಷ್ಟು ನಿಜ."

ಆ ಮಾತು ಚಪ್ಪಲಿಯೊಳಗಿನ ಕಲ್ಲಿನಂತೆ ಮೂರು ದಿನ ಅವನ ಜೊತೆ ನಡೆಯಿತು. ಅವನು ಕೂರಲಿಲ್ಲ, ಮಲಗಿದರೂ ಕಾಲಾಡಿಸುತ್ತಿದ್ದ. ಹೊಗೆಯ ಜೊತೆ ಈಗ ನಾತವೂ ಸೇರಿ ಅವಳ ಕೆಮ್ಮು ಜಾಸ್ತಿಯಾದಂತಿತ್ತು. ಹೊಗೆ ನಿಲ್ಲಿಸುವುದು ತನ್ನಿಂದಾಗದು, ನಾತವನ್ನಾದರೂ ನಿಲ್ಲಿಸಬಲ್ಲೆ ಎಂದು ಅವನ ತಲೆಗೆ ಹೊಳೆಯಿತು. ಎಲ್ಲರ ಗುಡ್ಡೆಗಳನ್ನೂ ತಾನೇ ವಿಂಗಡಿಸಿಬಿಟ್ಟರೆ? ಹಸಿ ಕಸ ತನ್ನ ತೊಟ್ಟಿಗೆ, ಒಣ ಕಸ ತೊಳೆದು ಮೂಟೆಗೆ. ಬೀದಿಯೂ ಚೊಕ್ಕ, ಮುನಿಸೂ ಮುಗಿಯಿತು, ಅವಳ ಎದೆಗೂ ಹಗುರ. ಇಂಥ ಉಪಾಯ ಅವನೊಬ್ಬನಿಗೇ ಹೊಳೆಯಲು ಸಾಧ್ಯ. ಉಪಕಾರ ಮಾಡುವ ಹುಮ್ಮಸ್ಸಿನಲ್ಲಿ ಉಪಕಾರ ಬೇಕೇ ಎಂದು ಕೇಳುವುದನ್ನು ಮರೆಯುವವರ ಜಾತಿ ಅವನದು.

ಹತ್ತನೇ ದಿನ ಬೆಳಕು ಹರಿಯುವ ಮುಂಚೆ ಕೈಗವಸು ತೊಟ್ಟು, ಫ್ಯಾನು ಸಾಗಿಸುವ ತಳ್ಳುಗಾಡಿ ಹಿಡಿದು ಹೊರಟ. ಕಿಟಕಿಗಳೆಲ್ಲ ಬಟ್ಟೆ ತುರುಕಿ ಮುಚ್ಚಿದ್ದರಿಂದ ಯಾರಿಗೂ ಸದ್ದು ಕೇಳಲಿಲ್ಲ. ಕೈ ಓಡಿತು. ಹತ್ತು ದಿನದಿಂದ ಚಡಪಡಿಸುತ್ತಿದ್ದ ಬೆರಳುಗಳಿಗೆ ಕೊನೆಗೂ ಕೆಲಸ ಸಿಕ್ಕಿತ್ತು. ಬೆಳಗಾಗುವ ಹೊತ್ತಿಗೆ ಹತ್ತೊಂಬತ್ತು ಬಾಗಿಲು ಮುಗಿದಿದ್ದವು. ಮೆಟ್ಟಿಲುಗಳಿಗೆ ನೀರೂ ಹಾಕಿದ್ದ. ತಿರುಗಿ ನೋಡಿದ, ಸಂತೋಷವಾಯಿತು. ಇಪ್ಪತ್ತನೆಯದು ದರ್ಜಿಯಮ್ಮನ ಅಂಗಡಿಯ ಗುಡ್ಡೆ.

ಬಟ್ಟೆಯ ಚೂರು, ದಾರದ ಉಂಡೆ, ಮುರಿದ ಸೂಜಿ. ಅವುಗಳ ಕೆಳಗೆ ಒಂದು ಚಿಕ್ಕ ಚೀಲ. ಬಾಯಿಗೆ ಗುಂಡಿ, ಗುಂಡಿಮನೆಗೆ ಒತ್ತೊತ್ತಾದ ಹೊಲಿಗೆ. ಆ ಹೊಲಿಗೆ ಯಾರ ಕೈಯದು ಎಂದು ಅವನಿಗೆ ಕೇಳಬೇಕಾಗಿರಲಿಲ್ಲ, ಮೈಮೇಲಿನ ಅಂಗಿಯಲ್ಲೂ ಅದೇ ಇತ್ತು. ಬಿಚ್ಚಿದ. ಒಳಗೆ ಖಾಲಿ ಪಂಪುಗಳು. ಒಂದು, ಎರಡು, ಐದು. ಕೈಗವಸು ತೆಗೆದು ಮತ್ತೆ ಎಣಿಸಿದ. ಹದಿನಾಲ್ಕು.

ಈ ವರ್ಷದ ಡಬ್ಬಿಯಲ್ಲಿ ಒಂದೇ ಇತ್ತು. ಅದನ್ನು ನೋಡಿಯೇ ಅವನು, ಎಷ್ಟು ಕೆಮ್ಮಿದರೂ ಇವಳಿಗೆ ಅಂಥದ್ದೇನೂ ಆಗಿಲ್ಲ ಎಂದು ಧೈರ್ಯ ತಂದುಕೊಳ್ಳುತ್ತಿದ್ದ. ಹದಿನಾಲ್ಕು ಪಂಪು, ಏಳು ತಿಂಗಳು. ಅವನು ಮೆಟ್ಟಿಲ ಮೇಲೆ ಕುಸಿದು ಕೂತ.

ಹೆಂಡತಿ ಅವನನ್ನು ಹುಡುಕಿಕೊಂಡು ಬಂದಾಗ ಅವನು ಹಾಗೇ ಕೂತಿದ್ದ. ಮಡಿಲಲ್ಲಿ ಪಂಪುಗಳು. ಅವಳು ಮೊದಲು ಅವುಗಳನ್ನು ನೋಡಲಿಲ್ಲ, ಬೀದಿಯನ್ನು ನೋಡಿದಳು. ತೊಳೆದ ಹತ್ತೊಂಬತ್ತು ಮೆಟ್ಟಿಲುಗಳನ್ನು ನೋಡಿದಳು.

"ಏನು ಮಾಡಿದ್ರಿ ಇದು?"

"ಯಾಕೆ ನನಗೆ ಹೇಳಲಿಲ್ಲ?" ಎಂದ ಅವನು, ಪಂಪು ತೋರಿಸಿ.

ಅವಳು ಉಸಿರು ಸಿಗುವವರೆಗೆ ಕಂಬ ಹಿಡಿದು ನಿಂತಳು. "ಹೇಗೆ ಹೇಳ್ಲಿ. ಅಂಗಡಿಗೆ ಬಂದವರಿಗೆಲ್ಲ, ನಮ್ಮನೇಲಿ ವರ್ಷಕ್ಕೆ ಎರಡೇ ಪಂಪು ಅಂತ ಹೇಳ್ಕೊಳ್ತಿದ್ರಿ. ಇಲ್ಲೇ ಅಂಗಡಿಯ ಮಷಿನ್ ಖಾನೇಲಿ ಬಚ್ಚಿಟ್ಟಿದ್ದೆ. ಗಾಡಿಗೆ ಹಾಕಿದ್ರೆ ಬೆಂಕೀಲಿ ಸಿಡಿಯುತ್ತೆ ಅಂತ ನೀವೇ ಹೇಳಿದ್ರಲ್ಲ, ಹಾಕೋಕೆ ಮನಸ್ಸು ಬರಲಿಲ್ಲ. ಧರಣಿ ಶುರುವಾದ ದಿನ ನಮ್ಮನೇದೂ ಒಂದು ಪಾಲಿರಲಿ ಅಂತ ಈ ಗುಡ್ಡೆಗೆ ಸೇರಿಸ್ದೆ."

"ಇಷ್ಟು ಜೋರಾಗಿದೆ ಅಂತ ಗೊತ್ತಿದ್ರೆ..."

"ಗೊತ್ತಿದ್ರೆ ಇನ್ನೊಂದು ಸಲ ನೆಲ ಒರೆಸ್ತಿದ್ರಿ. ನಾನು ಬೈತಿಲ್ಲ ರೀ. ನಮ್ಮನೆಯಿಂದ ಒಂದು ಚೂರೂ ಆ ತಿಪ್ಪೆಗೆ ಹೋಗಿಲ್ಲ, ನಿಜ. ಆದ್ರೆ ಆ ಹೊಗೆ ನಮ್ಮ ಕಸದ್ದಲ್ಲ ಅಂತ ನನ್ನ ಎದೆಗೆ ಗೊತ್ತಾಗುತ್ತಾ?"

ಅಷ್ಟರಲ್ಲಿ ಬಾಗಿಲುಗಳು ತೆರೆದವು. ಜನ ಹೊರಗೆ ಬಂದು, ತಮ್ಮ ಮೆಟ್ಟಿಲು ನೋಡಿ, ಕಣ್ಣುಜ್ಜಿ, ಮತ್ತೆ ನೋಡಿದರು. ಹತ್ತು ದಿನ ನಾತದಲ್ಲಿ ಉಂಡು ಮಲಗಿದ್ದೆಲ್ಲ ದೊಡ್ಡ ಸಾಹೇಬರು ಬರುವ ದಿನವೇ ನೀರಲ್ಲಿ ಹೋಮವಾಗಿತ್ತು. ಪೇಂಟರು ತೋಳೇರಿಸಿಕೊಂಡು ಬಂದ. ದರ್ಜಿಯಮ್ಮ ಅವನನ್ನು ತಡೆದು, ಡಬ್ಬಿರಾಯನ ಮುಂದೆ ನಿಂತು, ಅಳತೆ ತಪ್ಪದ ದನಿಯಲ್ಲಿ ಹೇಳಿದಳು:

"ನಮ್ಮ ಹತ್ರ ಹಣ ಇರಲಿಲ್ಲ ಅಣ್ಣ, ಮೆಂಬರ ಹತ್ರ ನಮ್ಮ ಮಾತು ನಡೀತಿರಲಿಲ್ಲ. ಇದ್ದಿದ್ದು ಅದೊಂದು ಕಸ. ಅದನ್ನೂ ತೆಗೆದುಬಿಟ್ರಿ."

ಅವನು ಮಡಿಲಲ್ಲಿದ್ದ ಪಂಪುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿ ಗುಡ್ಡೆಯ ಮೇಲಿಟ್ಟ. ಜೀವಮಾನದಲ್ಲಿ ಮೊದಲ ಸಲ ಕಸದ ಬಗ್ಗೆ ಅವನ ಬಳಿ ಹೇಳಲು ಏನೂ ಇರಲಿಲ್ಲ.

ಹತ್ತು ಗಂಟೆಗೆ ಬಿಳಿ ಕಾರು ಬಂತು. ದೊಡ್ಡ ಸಾಹೇಬರು ಇಳಿದರು, ಹಿಂದೆ ಮೆಂಬರು, ಇನ್ಸ್‌ಪೆಕ್ಟರು, ದಪ್ಪ ಪುಸ್ತಕ ಹಿಡಿದ ಗುಮಾಸ್ತ. ಕಾರಿನ ಹಿಂದೆ ತಿಪ್ಪೆಗೆ ಹೊರಟ ಲಾರಿಯೊಂದು ದಾರಿಗಾಗಿ ಗುರುಗುಟ್ಟುತ್ತ ನಿಂತಿತ್ತು, ಅದರ ಹಿಂದೆ ಇನ್ನೊಂದು. ಮೆಂಬರು ಬೀದಿಯ ಉದ್ದಕ್ಕೂ ಕಣ್ಣಾಡಿಸಿದರು, ಮುಖ ಅರಳಿತು. ಬೆರಳು ಮಡಿಸಿ ಎಣಿಸಿಯೇಬಿಟ್ಟರು.

"ನೋಡಿ ಸಾರ್, ಹತ್ತೊಂಬತ್ತು ಮನೆಯವರು ತಾವಾಗೇ ಧರಣಿ ಬಿಟ್ಟಿದಾರೆ. ಇವರದೊಂದು ಮೊದಲಿಂದ್ಲೂ ಚೊಕ್ಕ. ಅಲ್ಲಿಗೆ ಹತ್ತಿರ ಹತ್ತಿರ ಅರ್ಧ. ಉಳಿದ ಇಪ್ಪತ್ತೊಂದು ಮನೆಗೆ ಒಂದೊಂದು ನೋಟಿಸು ಬರೆದರೆ ಸಂಜೆಯೊಳಗೆ ಎಲ್ಲ ಸರಿಹೋಗುತ್ತೆ."

ಗುಮಾಸ್ತ ಪುಸ್ತಕ ತೆರೆದು ದರ್ಜಿಯಮ್ಮನ ಬಾಗಿಲ ಮುಂದೆ ನಿಂತು ನಂಬರು ಕೇಳಿದ. ಇನ್ಸ್‌ಪೆಕ್ಟರು ಗಾಜು ಹಾಕಿಸಿದ ಪ್ರಶಸ್ತಿಪತ್ರವನ್ನು ಡಬ್ಬಿರಾಯನ ಕೈಗಿಟ್ಟರು. ಅವನು ಅದನ್ನು ಹಿಡಿದುಕೊಂಡೇ ಗುಮಾಸ್ತನ ಪೆನ್ನು ನೋಡುತ್ತಿದ್ದ. ಮನೆಗೊಂದು ನಂಬರು, ನಂಬರಿಗೊಂದು ನೋಟಿಸು. ಪ್ರತಿ ದೀಪಕ್ಕೂ ಬೇರೆ ಬೇರೆ ಸ್ವಿಚ್ಚಿದ್ದರೆ ಒಂದೊಂದಾಗಿ ಆರಿಸಬಹುದು. ಅದು ಅವನ ಕಸುಬಿನ ಮಾತು, ಅವನಿಗೆ ಅರ್ಥವಾಗದೆ ಇರುತ್ತದೆಯೇ? ಯಾರ ಕಸ ಅವರ ಬಾಗಿಲಲ್ಲಿ ಎಂದು ಬೀದಿಯವರು ತಾವೇ ಬೇರೆ ಬೇರೆ ಸ್ವಿಚ್ಚು ಹಾಕಿ ಕೊಟ್ಟಿದ್ದರು.

ಪ್ರಶಸ್ತಿಪತ್ರವನ್ನು ಮೆಟ್ಟಿಲ ಮೇಲಿಟ್ಟು ಹಿತ್ತಲಿಗೆ ನಡೆದ. ಬೆಳಗ್ಗೆ ತಾನೇ ವಿಂಗಡಿಸಿ ಕಟ್ಟಿದ್ದ ಮೂಟೆಗಳನ್ನು ತಳ್ಳುಗಾಡಿಗೆ ಹೇರಿ, ಮೇಲೆ ತೊಟ್ಟಿಯ ಹಸಿಕಸವನ್ನು ಸನಿಕೆಯಿಂದ ಬಾಚಿ ಹಾಕಿ, ಬೀದಿಗೆ ತಳ್ಳಿಕೊಂಡು ಬಂದ. ಸಾಹೇಬರು ದಾರಿ ಬಿಟ್ಟರು. ಅವನು ಕಾರನ್ನು ದಾಟಿ, ಲಾರಿಯ ಮುಂದೆ ನಟ್ಟನಡುವೆ ಗಾಡಿಯನ್ನು ಮಗುಚಿದ. ಹಸಿ ಕಸವೂ ಒಣ ಕಸವೂ ಒಟ್ಟಿಗೆ ಬಿದ್ದವು. ಅದನ್ನು ನೋಡಲು ಅವನಿಗೆ ನಿಜಕ್ಕೂ ಕಷ್ಟವಾಯಿತು. ಮತ್ತೆ ಹಿತ್ತಲಿಗೆ ಹೋದ.

ಎರಡನೇ ಗಾಡಿ ತರುವ ಹೊತ್ತಿಗೆ ಹೆಂಡತಿ ದರ್ಜಿಯಮ್ಮನ ಗುಡ್ಡೆಯನ್ನು ಬುಟ್ಟಿಗೆ ತುಂಬಿ ತಂದು ಅಲ್ಲಿಗೇ ಸುರಿದಳು. ಚೀಲವನ್ನೂ ಸುರಿದಳು. ದರ್ಜಿಯಮ್ಮ ಒಂದು ಕ್ಷಣ ಅವರಿಬ್ಬರನ್ನೂ ನೋಡಿ, ಸೆರಗು ಸಿಕ್ಕಿಸಿಕೊಂಡು ಪಕ್ಕದ ಬಾಗಿಲಿಗೆ ಕೈಹಾಕಿದಳು. ಆಮೇಲೆ ಯಾರು ಯಾರದನ್ನು ತಂದರು ಎಂಬುದೇ ತಿಳಿಯಲಿಲ್ಲ. ಪೇಂಟರು ಅಜ್ಜಿಯದನ್ನು ತಂದ, ಅಜ್ಜಿ ತನ್ನ ಕೈಲಾದಷ್ಟು ಇನ್ಯಾರದನ್ನೋ ತಂದಳು. ಕಾಲು ಗಂಟೆಯಲ್ಲಿ ನಲವತ್ತೊಂದು ಬಾಗಿಲೂ ಬರಿದಾಗಿ, ಲಾರಿಯ ಮೂತಿಯೆತ್ತರಕ್ಕೆ ಒಂದೇ ಗುಡ್ಡೆ ನಿಂತಿತು.

"ಇದು ರಸ್ತೆ" ಎಂದರು ಮೆಂಬರು, ಆ ಸಂಗತಿ ಈಗಷ್ಟೇ ತಿಳಿದವರಂತೆ. "ಬರ್ಕೊಳ್ರೀ."

ಗುಮಾಸ್ತ ಪೆನ್ನು ಹಿಡಿದೇ ಇದ್ದ. "ಯಾರ ಹೆಸರಿಗೆ ಸಾರ್? ಮನೆ ನಂಬರ್ ಇಲ್ಲದೆ ನೋಟಿಸಾಗಲ್ಲ."

"ಯಾರದ್ದು ಇದು?" ಎಂದು ದೊಡ್ಡ ಸಾಹೇಬರು ಗಟ್ಟಿಯಾಗಿ ಕೇಳಿದರು. ಯಾರೂ ಬಾಯಿಬಿಡಲಿಲ್ಲ. ಇನ್ಸ್‌ಪೆಕ್ಟರಿಗೆ ನೆನಪಾಯಿತು. ಡಬ್ಬಿರಾಯನ ಭುಜದ ಮೇಲೆ ಕೈಯಿಟ್ಟು ಮುಂದೆ ತಂದರು.

"ಇವರಿಗೆ ಎಲ್ಲ ಗೊತ್ತು ಸಾರ್. ಒಂದು ಚೂರು ನೋಡಿದ್ರೆ ಯಾರ ಮನೇದು ಅಂತ ಹೇಳ್ತಾರೆ." ಆಮೇಲೆ ಅವನತ್ತ ತಿರುಗಿದರು. "ನೀವು ತಂದಿದ್ದು ಬಿಡಿ, ನಿಮ್ಮ ಹೆಸರು ಬರಿಯಲ್ಲ. ಉಳಿದಿದ್ದು ಯಾವುದು ಯಾರದು, ಅಷ್ಟು ಹೇಳಿ ಸಾಕು."

ಡಬ್ಬಿರಾಯ ಗುಡ್ಡೆಯನ್ನು ನೋಡಿದ. ಎಲ್ಲ ಗೊತ್ತಾಗುತ್ತಿತ್ತು. ಕಾಗದದ ಲೋಟ, ಸೋಪಿನ ಕವರು, ಬಟ್ಟೆಯ ಚೂರು, ಒಂದೊಂದೂ ಹೆಸರು ಹಿಡಿದು ಕೂಗುತ್ತಿತ್ತು. ನಡುವೆ ಹದಿನಾಲ್ಕು ಪಂಪುಗಳು ಅಲ್ಲೊಂದು ಇಲ್ಲೊಂದು ಬಿದ್ದಿದ್ದವು. ಹೆಂಡತಿ ಗುಡ್ಡೆಯ ಆಚೆ ಸೊಂಟಕ್ಕೆ ಕೈಕೊಟ್ಟು, ಬುಟ್ಟಿ ಹೊತ್ತ ಆಯಾಸಕ್ಕೆ ಬಾಗಿ ನಿಂತಿದ್ದಳು.

"ಗೊತ್ತಾಗ್ತಿಲ್ಲ ಸಾರ್" ಎಂದ. "ನಂದೂ ಇದೆ ಇದರಲ್ಲಿ."

"ನಿಮ್ಮನೇಲಿ ಕಸವೇ ಇಲ್ಲ ಅಂತ ಸರ್ಟಿಫಿಕೇಟೇ ಕೊಟ್ಟಿದೀವಲ್ರೀ."

"ಅದು ತಪ್ಪಾಗಿದೆ. ವಾಪಸು ತಗೊಳ್ಳಿ."

ಇನ್ಸ್‌ಪೆಕ್ಟರು ಮೆಂಬರ ಮುಖ ನೋಡಿದರು, ಮೆಂಬರು ಸಾಹೇಬರ ಮುಖ ನೋಡಿದರು. ಗುಮಾಸ್ತ ಪೆನ್ನಿನ ಮುಚ್ಚಳ ಹಾಕಿಕೊಂಡ. ಮುಂದೆ ಹೋಗುವ ದಾರಿ ಕಾಣದೆ ಲಾರಿಯ ಡ್ರೈವರು ಎಂಜಿನ್ನು ನಿಲ್ಲಿಸಿದ, ಅವನನ್ನು ನೋಡಿ ಹಿಂದಿನವನೂ ನಿಲ್ಲಿಸಿದ. ಏಳು ತಿಂಗಳಿಂದ ಹಗಲು ಹೊತ್ತಿನಲ್ಲಿ ಆ ಬೀದಿ ಅಷ್ಟು ಸದ್ದಿಲ್ಲದೆ ಇದ್ದದ್ದಿಲ್ಲ. ನೊಣ ಗುಂಯ್‌ಗುಡುವುದೂ ಕೇಳುತ್ತಿತ್ತು.

ಅದರ ಜೊತೆಗೆ ಇನ್ನೊಂದು ಸದ್ದು. ತೆಳ್ಳಗೆ ಏರಿ, ನಡುವೆ ಕಡಿದು, ಮತ್ತೆ ಏರುವ ಸೀಟಿ. ಎಲ್ಲರಿಗೂ ಕೇಳಿತು. ದೊಡ್ಡ ಸಾಹೇಬರು ಏನೋ ಹೇಳಲು ಬಾಯ್ತೆರೆದವರು ನಿಲ್ಲಿಸಿ, ಲಾರಿಯ ಗಾಲಿಯನ್ನು ನೋಡಿದರು, ತಂತಿಯ ಕಂಬವನ್ನು ನೋಡಿದರು.

"ಏನದು ಸದ್ದು?" ಎಂದರು.

"ನನ್ನ ಹೆಂಡತಿ ಉಸಿರಾಡ್ತಿದಾಳೆ ಸಾರ್" ಎಂದ ಡಬ್ಬಿರಾಯ.